ಎರಡು ಕೋರು, ನಾಲ್ಕು ಕೋರು ಮತ್ತು ಮಾನ್ವಿಯ ಮಧ್ಯಾಹ್ನ

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಅಕ್ಕಿ ಗಿರಣಿಗಳ ರಸೀದಿ ಪುಸ್ತಕ, ಇವು ನನ್ನ ದಿನದ ಕೆಲಸ. ಕೆಲವು ವರ್ಷಗಳ ಹಿಂದೆ ಇವುಗಳ ನಡುವೆ ಒಂದು ಬೇರೆಯದೇ ಕೆಲಸ ಬಂತು. ಊರಿನ ನಿವೃತ್ತ ಮಾಸ್ತರೊಬ್ಬರು ತಾವು ಕಲಿಸಿದ ಹಳ್ಳಿಗಳಲ್ಲೆಲ್ಲ ರೈತರ ಬಾಯಿಂದ ಕೇಳಿದ ಮಾತುಗಳನ್ನು ಬರೆದಿಟ್ಟುಕೊಂಡಿದ್ದರು. ಬಿತ್ತುವ ಕೂರಿಗೆಯ ಭಾಗಗಳ ಹೆಸರು, ಎತ್ತಿನ ಬಣ್ಣಗಳ ಹೆಸರು, ಮಳೆ ಬರುವ ಮುಂಚಿನ ಗಾಳಿಯ ಹೆಸರು. ಅದೆಲ್ಲ ಸೇರಿ ನಾನೂರು ಪುಟದ ಪದಕೋಶವಾಗಬೇಕಿತ್ತು, ಜೊತೆಗೆ ಅವರೇ ತೆಗೆದ ಫೋಟೋಗಳು. ಅವರು ದಿನಾ ಹತ್ತು ಗಂಟೆಗೆ ಬಂದು ಸ್ಟೂಲಿನ ಮೇಲೆ ಕೂತು ಪ್ರೂಫ್ ತಿದ್ದುತ್ತಿದ್ದರು. ಎಂಬತ್ತು ದಾಟಿದ ಕಣ್ಣು, ಆದರೆ ಒಂದು ಒತ್ತಕ್ಷರ ತಪ್ಪಿದರೂ ಬಿಡುತ್ತಿರಲಿಲ್ಲ.

ಅರ್ಧ ಪುಸ್ತಕ ಮುಗಿದಿತ್ತು. ಒಂದು ದಿನ ಕರೆಂಟು ಹೋಗಿ ತಟ್ಟನೆ ಬಂದಾಗ ಕಂಪ್ಯೂಟರಿನ ಡಬ್ಬಿಯೊಳಗಿಂದ ಸುಟ್ಟ ವಾಸನೆ ಬಂತು. ಹಾರ್ಡ್ ಡಿಸ್ಕು ಉಳಿದಿತ್ತು, ಉಳಿದದ್ದೆಲ್ಲ ಹೋಗಿತ್ತು.

ರಾಯಚೂರಿನಲ್ಲಿ ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಓಣಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳು ಇದ್ದಾರೆ ಎಂದು ಯಾರೋ ಹೇಳಿದ್ದರು. ಅವರಿಗೆ ಐವತ್ತೈದರ ವಯಸ್ಸು. ಗಂಡ ಟಿವಿ ರಿಪೇರಿ ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಬೆಸುಗೆ ಕಲಿತವರು. ಡಬ್ಬಿ ಟಿವಿಗಳ ಕಾಲ ಮುಗಿದ ಮೇಲೆ ಗಂಡ ಬೇರೆ ಕೆಲಸ ಹಿಡಿದರು, ಇವರು ಅದೇ ಅಂಗಡಿಯಲ್ಲಿ ಕಂಪ್ಯೂಟರು ಹಿಡಿದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲೇ ಫೋನ್ ಮಾಡಿ, ಇದ್ದುದರಲ್ಲಿ ಒಳ್ಳೆಯದನ್ನು ನನಗೆ ತೆಗೆದಿಡಿ ಎಂದು ಹೇಳಿದ್ದೆ.

ನಾನು ಹೋದಾಗ ಅಲ್ಲಿ ಇನ್ನೊಬ್ಬ ಗಿರಾಕಿ ಕೂತಿದ್ದ. ದೇವದುರ್ಗದವನು, ಮದುವೆ ವಿಡಿಯೋ ತೆಗೆಯುವವನು, ಮೂವತ್ತೈದರ ಆಸುಪಾಸು. ಅವನಿಗೂ ಕಂಪ್ಯೂಟರು ಬೇಕಿತ್ತು. ಅಕ್ಕನ ಹತ್ತಿರ ಒಂದೇ ಮಾದರಿಯ ಎರಡು ಪೆಟ್ಟಿಗೆಗಳಿದ್ದವು. ಒಳಗಿನ ಪ್ರೊಸೆಸರ್ ಮಾತ್ರ ಬೇರೆ. ಒಂದರದು ಎರಡು ಕೋರಿನದು, ಅಂದರೆ ಲೆಕ್ಕ ಮಾಡುವ ಎರಡು ಮಿದುಳಿನದು, ಮೂರು ಗಿಗಾಹರ್ಟ್ಸ್ ವೇಗದ್ದು. ಇನ್ನೊಂದರದು ನಾಲ್ಕು ಕೋರಿನದು, ಆದರೆ ವೇಗ ಎರಡೂವರೆ ಗಿಗಾಹರ್ಟ್ಸನ್ನೂ ಮುಟ್ಟದ್ದು. ಎರಡೂ ಹಳೆಯವೇ. ನಾಲ್ಕು ಕೋರಿನದಕ್ಕೆ ಬೆಲೆ ಹೆಚ್ಚು.

"ಅಕ್ಕಾ, ಎರಡರಾಗ ಚಲೋದು ಯಾವದು?" ಎಂದೆ.

"ಯಾವ ಕೆಲಸಕ್ಕ ಅಂತ ಹೇಳಲಾರದ ಚಲೋದು ಅಂದ್ರ ಹ್ಯಾಂಗ ಹೇಳ್ಲಿ? ನಿಮ್ಮ ಕೆಲಸ ತಂದೀರಿಲ್ಲೋ, ಅದನ್ನ ಕೊಡ್ರಿ" ಎಂದರು.

ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟರು. ನನ್ನ ಹಾರ್ಡ್ ಡಿಸ್ಕಿನಿಂದ ಕೋಶದ ಫೈಲನ್ನು ಎರಡೂ ಯಂತ್ರಗಳಿಗೆ ಹಾಕಿ, ತೆರೆಯಲು ಎಷ್ಟು ಹೊತ್ತು, ಪಿಡಿಎಫ್ ಮಾಡಲು ಎಷ್ಟು ಹೊತ್ತು ಎಂದು ನೋಡಿದರು. ಆಮೇಲೆ ದೇವದುರ್ಗದವನು ತಂದ ವಿಡಿಯೋದಿಂದ ಐದು ನಿಮಿಷದ ತುಣುಕು ತೆಗೆದು ಎರಡರಲ್ಲೂ ಓಡಿಸಿದರು. ನನ್ನ ಪುಟಗಳು ಎರಡು ಕೋರಿನದರಲ್ಲಿ ಕೊಂಚ ಮುಂಚೆಯೇ ಮುಗಿದವು. ಅವನ ವಿಡಿಯೋ ನಾಲ್ಕು ಕೋರಿನದರಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತಿನಲ್ಲೇ ಮುಗಿಯಿತು.

"ವಿಡಿಯೋ ಅಂದ್ರ ನೆಲ್ಲು ಹಚ್ಚಿದಂಗ, ನಾಲ್ಕ ಮಂದಿ ಹಂಚಿಕೊಂಡು ಮಾಡಬಹುದು" ಎಂದರು ಅಕ್ಕ. "ನಿಮ್ಮ ಪುಟದ ಕೆಲಸ ಹಂಗಲ್ಲ. ಸೂಜಿಗಿ ದಾರ ಪೋಣಸಾಕ ನಾಲ್ಕ ಮಂದಿ ಯಾಕ ಬೇಕು? ಒಬ್ಬಾಕಿ ಚುರುಕ ಇದ್ರ ಸಾಕು. ನೀವು ಎರಡು ಕೋರಿಂದು ಒಯ್ರಿ."

ನನಗೆ ಆ ಮಾತು ನೆಟ್ಟಗೆ ಕೇಳಿಸಲಿಲ್ಲ. ಈ ವ್ಯವಹಾರಕ್ಕೆ ಇಳಿದಂದಿನಿಂದ ಯಾವ ಅಂಗಡಿಗೆ ಹೋದರೂ, 'ಟೈಪಿಂಗ್ ಮಾಡೋರಿಗೆ ಇದೇ ಸಾಕು ಬಿಡ್ರಿ' ಎಂದು ಕಡಿಮೆಯದನ್ನು ಮುಂದೆ ತಳ್ಳುವವರನ್ನೇ ನೋಡಿದ್ದೆ. ಅಕ್ಕನ ಬಾಯಲ್ಲೂ ನನಗೆ ಅದೇ ಕೇಳಿಸಿತು. ಗಡಿಯಾರದ ಮುಳ್ಳನ್ನು ಕಣ್ಣಾರೆ ನೋಡಿದ್ದರೂ ನಾಲ್ಕು ಎರಡಕ್ಕಿಂತ ದೊಡ್ಡದು ಎಂಬುದೊಂದೇ ತಲೆಯಲ್ಲಿ ಉಳಿಯಿತು.

"ಮೊದಲ ಫೋನ್ ಮಾಡಿದಾಕಿ ನಾನು. ನನಗ ನಾಲ್ಕಿಂದೇ ಬೇಕು" ಎಂದೆ.

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದರು. ಮೇಜಿನ ಮೇಲಿನ ಗಡಿಯಾರ ಎತ್ತಿ ಕೈಗೆ ಕಟ್ಟಿಕೊಂಡರು. ದೇವದುರ್ಗದವನೇ ಎದ್ದು, "ಅವರ ಒಯ್ಲಿ ಬಿಡಕ್ಕಾ. ಮೊದಲ ಹೇಳ್ಯಾರ. ನಾ ಎರಡಿಂದರಾಗ ಹ್ಯಾಂಗರ ಮಾಡಿಕೋತೀನಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾನ್ವಿಗೆ ತಂದು ಹಚ್ಚಿದೆ. ಮುಂಜಾನೆಯೆಲ್ಲ ಯಂತ್ರ ಸೊಗಸಾಗಿ ನಡೆಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಫ್ಯಾನಿನ ಸದ್ದು ಏರಿತು, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಹತ್ತು ನಿಮಿಷ, ಮತ್ತೆ ಕಪ್ಪು. ಮರುದಿನವೂ ಹಾಗೇ. ಮೂರನೆಯ ದಿನ 'ಕ' ಅಕ್ಷರದ ತಿದ್ದುಪಡಿಗಳನ್ನೆಲ್ಲ ನುಂಗಿಕೊಂಡೇ ಆರಿತು. ಮಾಸ್ತರು ಎರಡು ತಾಸು ಕೂತು ಹೇಳಿಸಿದ್ದ ತಿದ್ದುಪಡಿ ಅದು. ನನಗೆ ಅಳು ಬಂತು.

"ಬಿಡವಾ, ಇನ್ನೊಮ್ಮೆ ಓದಾಕ ಸಿಕ್ಕಿತು. ಒಂದೆರಡು ತಪ್ಪು ಇನ್ನೂ ಉಳದಿದ್ವು" ಎಂದು ಅವರು ಮತ್ತೆ ಮೊದಲ ಪುಟ ತೆಗೆದರು.

ಅಕ್ಕನಿಗೆ ಫೋನ್ ಮಾಡಲು ಮನಸ್ಸು ಬರಲಿಲ್ಲ. ಹಟ ಮಾಡಿ ತಂದವಳು ಯಾವ ಬಾಯಿಂದ ದೂರಲಿ? ಆದರೆ ಎಂಟನೆಯ ದಿನ ಅವರೇ ಫೋನ್ ಮಾಡಿದರು. ಮಾರಿದ ಪ್ರತಿ ಯಂತ್ರದ ಬಗ್ಗೆಯೂ ಒಂದು ವಾರವಾದ ಮೇಲೆ ಕೇಳುವುದು ಅವರ ರೂಢಿಯಂತೆ. "ಮಷೀನ್ ಹ್ಯಾಂಗ ನಡದದ?" ಎಂದರು. ಚಲೋ ಇದೆ ಎಂದು ಹೇಳಲು ಹೋದೆ, ಆಗಲಿಲ್ಲ. ಎಲ್ಲ ಹೇಳಿದೆ.

"ನಾಳಿ ಬರ್ತೀನಿ. ಮಧ್ಯಾಹ್ನದ ಬಸ್ಸಿಗಿ" ಎಂದರು.

"ಬಿಸಲಾಗ ಯಾಕಕ್ಕಾ? ಮುಂಜಾನಿ ತಂಪೊತ್ತಿನಾಗ ಬರ್ರಿ."

"ಮುಂಜಾನಿ ಬಂದ್ರ ನನಗ ಏನ ತಿಳೀತದ? ಅದು ಸಾಯೋ ಹೊತ್ತಿಗೇ ಬರಬೇಕು."

ಮರುದಿನ ಎರಡು ಗಂಟೆಗೆ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದು ಬಂದರು. ನೀರು ಕುಡಿದವರು ಮೊದಲು ಕಂಪ್ಯೂಟರನ್ನು ನೋಡಲಿಲ್ಲ, ಮೇಲೆ ನೋಡಿದರು. ನನ್ನ ಅಂಗಡಿಯ ಸೂರು ತಗಡಿನದು. ಎದ್ದು ಗೋಡೆ ಮುಟ್ಟಿದರು, ಮೇಜಿನ ಕೆಳಗೆ ಯಂತ್ರವಿದ್ದ ಜಾಗಕ್ಕೆ ಕೈ ಹಾಕಿ ನೋಡಿದರು. ಆಮೇಲೆ ಕುಳಿತು, ಪ್ರೊಸೆಸರಿನ ಬಿಸಿ ತೋರಿಸುವ ಒಂದು ಸಣ್ಣ ತಂತ್ರಾಂಶ ಹಾಕಿದರು. ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಅದರ ಅಂಕಿ ಕಣ್ಣೆದುರು ಏರುತ್ತ ಹೋಗಿ ಪರದೆ ಕಪ್ಪಾಯಿತು.

ಡಬ್ಬಿ ಬಿಚ್ಚಿ, ಧೂಳು ಒರೆಸಿ, ಪ್ರೊಸೆಸರಿನ ಮೇಲೆ ಬೂದು ಬಣ್ಣದ ಪೇಸ್ಟನ್ನು ಹೊಸದಾಗಿ ಹಚ್ಚಿದರು. ಸ್ಟೂಲಿನ ಮೇಲಿದ್ದ ಮಾಸ್ತರು ಕನ್ನಡಕ ಏರಿಸಿ, "ಅದಕ್ಕೇನಂತೀರವಾ?" ಎಂದು ಕೇಳಿದರು.

"ನಾವು ಮುಲಾಮು ಅಂತೀವ್ರಿ ಮಾಸ್ತರ್ರೇ. ಬಿಸಿ ಎಳಕೊಂಡು ಮ್ಯಾಲಿನ ಫ್ಯಾನಿಗಿ ಕೊಡ್ತದ."

ಮಾಸ್ತರು ಪ್ರೂಫ್ ಹಾಳೆಯ ಹಿಂದೆ ಅದನ್ನು ಬರೆದುಕೊಂಡರು.

ಮುಲಾಮಿನಿಂದ ಅರ್ಧ ತಾಸು ಹೆಚ್ಚು ನಡೆಯಿತು, ಅಷ್ಟೇ. ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದರು: "ಈ ನಾಲ್ಕ ಕೋರಿಂದು ಎರಡರದಕಿಂತ ಭಾಳ ಕರೆಂಟ್ ಉಣತದ, ಭಾಳ ಕಾಯತದ. ನಂದು ಕಲ್ಲಿನ ಮಾಳಗಿ ಅಂಗಡಿ. ಅಲ್ಲಿ ಕುಂತು ಗಡಿಯಾರ ನೋಡಿ ಹೊತ್ತು ಅಳದೆ, ಬಿಸಿ ಅಳೀಲಿಲ್ಲ. ನಿಮ್ಮ ಸೂರು ಎಂಥದ್ದು ಅಂತ ಒಂದ ಮಾತು ಕೇಳಬೇಕಾಗಿತ್ತು. ತಪ್ಪು ನಂದು."

ನಾನು ದಂಗಾದೆ. "ನಿಮ್ಮದೆಲ್ಲಿ ತಪ್ಪಕ್ಕಾ? ಎರಡಿಂದು ಒಯ್ರಿ ಅಂತ ನೀವು ಬಾಯಿಬಿಟ್ಟು ಹೇಳಿದ್ರಿ. ನಾನೇ ಹಟ ಹಿಡದೆ" ಎಂದೆ. ಯಾಕೆ ಹಟ ಹಿಡಿದೆ ಎಂಬುದನ್ನೂ ಹೇಳಿದೆ, ಟೈಪಿಂಗ್‌ನವರಿಗೆ ಇದೇ ಸಾಕು ಎನ್ನುವವರ ಕತೆಯನ್ನು.

ಅವರು ಜೋರಾಗಿ ನಕ್ಕರು. "ನನಗೂ ಹಂಗೇ ಅಂತಿದ್ರು. ಸ್ಕ್ರೂ ಬಿಚ್ಚಾಕ ಯಾರರ ಗಂಡಸರಿದ್ರ ಕರೀರಿ ಅಂತ." ಅಷ್ಟು ಹೇಳಿ ದೇವದುರ್ಗದವನಿಗೆ ಫೋನ್ ಹಚ್ಚಿದರು. ಅವನ ಕಷ್ಟ ಬೇರೆ ಇತ್ತು. ಅವನ ಯಂತ್ರ ಒಮ್ಮೆಯೂ ನಿಂತಿರಲಿಲ್ಲ, ಆದರೆ ಒಂದು ಮದುವೆಯ ವಿಡಿಯೋಗೆ ಇಡೀ ದಿನ ಹಿಡಿಯುತ್ತಿತ್ತು. ಮಣ್ಣಿನ ಮಾಳಿಗೆಯ ಹಳೆಯ ಮನೆ ಅವನದು, ಒಳಗೆ ತಂಪು. ಎರಡೂ ಪ್ರೊಸೆಸರುಗಳು ಒಂದೇ ಬಗೆಯ ಬೋರ್ಡಿನಲ್ಲಿ ಕೂರುವಂಥವು. ಅದಲುಬದಲು ಮಾಡಿದರೆ ಮುಗಿಯಿತು ಎಂದರು ಅಕ್ಕ.

ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದರು. ಮರುದಿನ ಮುಂಜಾನೆ ಇಬ್ಬರೂ ಸಿರವಾರದ ಮೇಲೆ ಹೋಗುವ ಬಸ್ಸಿನಲ್ಲಿ ದೇವದುರ್ಗಕ್ಕೆ ಹೊರಟೆವು. ನನ್ನ ಯಂತ್ರದಿಂದ ಬಿಚ್ಚಿದ ಪ್ರೊಸೆಸರು ಸ್ಪಂಜು ಹಾಸಿದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಬಸ್ಸು ಎಷ್ಟು ಕುಲುಕಿದರೂ ಅಕ್ಕ ಅದನ್ನು ಎರಡೂ ಕೈಯಲ್ಲಿ ಮಡಿಲಲ್ಲೇ ಹಿಡಿದಿದ್ದರು. ಒಂದು ಬಿಸ್ಕಿಟ್ಟಿನಷ್ಟೂ ಇಲ್ಲದ ವಸ್ತು.

ವಿಡಿಯೋದವನ ಮನೆಯ ಕಟ್ಟೆಯ ಮೇಲೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಕೂತಿದ್ದರು, ಜೊತೆಗೆ ಹುಡುಗಿಯ ತಾಯಿ. ಸಂಜೆಯ ಬಸ್ಸಿಗೆ ಇಬ್ಬರೂ ಕಟ್ಟಡದ ಕೆಲಸಕ್ಕೆ ದೂರದ ಊರಿಗೆ ಹೊರಡುವವರಿದ್ದರು. ಹೋಗುವ ಮುಂಚೆ ಮದುವೆ ವಿಡಿಯೋ ಬೇಕು, ತಾಯಿಗೊಂದು ಪ್ರತಿ ಇಟ್ಟು ಹೋಗಬೇಕು ಎಂಬುದು ಅವರ ಆಸೆ. ವಿಡಿಯೋದವನು ಬೆವರುತ್ತಿದ್ದ. "ಎರಡರಾಗ ಹಚ್ಚಿದ್ರ ರಾತ್ರಿ ಆಗ್ತದಕ್ಕಾ, ಬಸ್ಸು ಹೋಗಿಬಿಡ್ತದ" ಎಂದ.

ಅಕ್ಕ ಚಹಾ ಬೇಡವೆಂದು ನೇರ ಒಳಗೆ ಹೋದರು. ಯಂತ್ರ ಆರಿಸಿ, ಬಿಚ್ಚಿ, ಹಳೆಯ ಮುಲಾಮು ಒರೆಸಿ, ಎರಡು ಕೋರಿನದನ್ನು ತೆಗೆದು ನಾಲ್ಕು ಕೋರಿನದನ್ನು ಕೂರಿಸುವವರೆಗೆ ಅವರ ಕೈ ಒಮ್ಮೆಯೂ ತಡೆಯಲಿಲ್ಲ. ಅದುಮಬೇಕಾದ ಕಡೆ ಅದುಮಿದರು, ಬರೀ ಇಡಬೇಕಾದ ಕಡೆ ಬರೀ ಇಟ್ಟರು. ವಿಡಿಯೋ ಓಡಿಸಲು ಹಚ್ಚಿದ ಮೇಲೆ ಬಿಸಿಯ ಅಂಕಿಯನ್ನು ನೋಡುತ್ತ ಒಂದು ತಾಸು ಪಕ್ಕದಲ್ಲೇ ಕೂತರು. ಅಂಕಿ ಏರಿ ಒಂದು ಕಡೆ ನಿಂತಿತು, ಮುಂದೆ ಹೋಗಲಿಲ್ಲ. ಆಗ, "ಈಗ ಚಹಾ ತರ್ರಿ" ಎಂದರು.

ನಾಲ್ಕು ಗಂಟೆಗೆ ವಿಡಿಯೋ ಸಿದ್ಧವಾಯಿತು. ಒಂದು ಪೆನ್ ಡ್ರೈವ್ ಹುಡುಗಿಯ ಕೈಗೆ, ಒಂದು ತಾಯಿಯ ಕೈಗೆ. ತಾಯಿಗೆ ಅದನ್ನು ಎಲ್ಲಿ ಚುಚ್ಚಬೇಕೆಂದು ತಿಳಿಯದು. ಅಕ್ಕ ಅವರಿಗೆ, "ನಿಮ್ಮ ಬಾಜೂ ಮನಿಯಾಗ ಹೊಸ ಟಿವಿ ಅದನೋ ಇಲ್ಲೋ? ಅದರ ಹಿಂದ ಒಂದು ಸಣ್ಣ ಬಾಯಿ ಇರ್ತದ ಯವ್ವಾ, ಅಲ್ಲಿ ಹಾಕ್ರಿ" ಎಂದು ಮೂರು ಸಲ ತೋರಿಸಿ ಹೇಳಿಕೊಟ್ಟರು. ಬೆಲೆಯ ವ್ಯತ್ಯಾಸವನ್ನು ವಿಡಿಯೋದವನು ನನಗೆ ಅಲ್ಲೇ ಕೊಟ್ಟ. ಅವನೆದುರು ನನಗೆ ನಾಚಿಕೆಯಾಗಿ, "ಅವತ್ತು ನಾ ಹಂಗ ಮಾಡಬಾರದಿತ್ತು" ಎಂದೆ. "ಈಗ ಬಂದೀರಲ್ರಿ ಅಕ್ಕಾರ" ಎಂದ.

ಎರಡು ಕೋರಿನದು ಮರುದಿನ ನನ್ನ ಯಂತ್ರದಲ್ಲಿ ಕೂತಿತು. ಅಕ್ಕ ಮೂರು ಗಂಟೆ ದಾಟುವವರೆಗೂ ಮಾನ್ವಿ ಬಿಡಲಿಲ್ಲ. ನಾಲ್ಕಾಯಿತು, ಐದಾಯಿತು. ಫ್ಯಾನು ಸದ್ದು ಮಾಡುತ್ತಲೇ ಇತ್ತು, ಆದರೆ ಪರದೆ ಕಪ್ಪಾಗಲಿಲ್ಲ. ಐದೂವರೆ ಬಸ್ಸಿಗೆ ಅವರನ್ನು ಹತ್ತಿಸಿ ಬಂದು ನಾನು ಮತ್ತು ಮಾಸ್ತರು 'ಗ' ಅಕ್ಷರ ಶುರು ಮಾಡಿದೆವು.

ಪುಸ್ತಕ ಆ ವರ್ಷದ ಮಳೆಗಾಲಕ್ಕೆ ಅಚ್ಚಾಗಿ ಬಂತು. ಮಾಸ್ತರು ಸಹಿ ಹಾಕಿ ಕೊಟ್ಟ ಒಂದು ಪ್ರತಿಯನ್ನು ಅಕ್ಕನಿಗೆ ಕೊಡಲು ರಾಯಚೂರಿಗೆ ಹೋದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಪುಸ್ತಕ ಹಿಡಿದರು. ಮುನ್ನುಡಿ ತಿರುವಿ ಹಾಕಿ ನೇರ 'ಹ' ಅಕ್ಷರಕ್ಕೆ ಹೋದರು. ಬೆರಳಿಟ್ಟು ಒಂದೊಂದೇ ಪದ ನೋಡುತ್ತ ಹೋಗಿ ನಿಂತರು.

"ಹಕ್ಕಲ ಆಯೋದು ಇದರಾಗ ಇಲ್ಲಲ್ಲ?"

ನಾನೂ ನೋಡಿದೆ. ಇರಲಿಲ್ಲ. ಸುಗ್ಗಿಯಾದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಆರಿಸುವುದಕ್ಕೆ ಹಾಗೆನ್ನುತ್ತಾರೆ. ಅಕ್ಕನ ತಾಯಿ ಮಟಮಾರಿ ಎಂಬ ಹಳ್ಳಿಯ ಹೊಲಗಳಲ್ಲಿ ಅದನ್ನೇ ಮಾಡಿ ಮಕ್ಕಳನ್ನು ಸಾಕಿದ್ದಂತೆ. "ಮಾಸ್ತರ್ರು ಗಂಡಸರನ್ನ ಕೇಳ್ಯಾರ, ಹೆಣ್ಣಮಕ್ಕಳನ್ನ ಕೇಳಿಲ್ಲ" ಎಂದರು. ಬೇಸರದಿಂದಲ್ಲ, ಯಂತ್ರದ ಒಂದು ದೋಷವನ್ನು ತೋರಿಸುವಂತೆ.

ಸಂಜೆ ಮಾನ್ವಿಗೆ ಬಂದು ಮಾಸ್ತರಿಗೆ ಹೇಳಿದೆ. ಅವರು ಪುಸ್ತಕ ತೆಗೆದು 'ಹ' ಅಕ್ಷರದ ಪುಟಗಳನ್ನು ತಾವೇ ಒಮ್ಮೆ ನೋಡಿದರು. ಆಮೇಲೆ, "ಖರೇನ ಅದ. ನಾಳಿ ರಾಯಚೂರಿಗಿ ಹೋಗೂಣೇನು? ಆಕೀ ಹತ್ರ ಇನ್ನೆಷ್ಟು ಮಾತದಾವ ಕೇಳಬೇಕು" ಎಂದು ಹೊಸ ನೋಟುಬುಕ್ಕೊಂದನ್ನು ಚೀಲಕ್ಕೆ ಹಾಕಿಕೊಂಡರು.