ಶುಕ್ರವಾರದ ಕಾರ್ಡುಗಳು

ಶುಕ್ರವಾರ ಬಂತೂಂದ್ರೆ ನಮ್ಮ ಮಷೀನು ಕೈಕೊಡುತ್ತಿತ್ತು. ಬೇರೆ ದಿನ ಸರಾಗ. ಐವತ್ತರ ದಶಕದ ಮಾತು, ರಾಜಾಜಿನಗರದ ಕಾರ್ಖಾನೆಯೊಂದರ ಲೆಕ್ಕದ ಕೋಣೆಯಲ್ಲಿ ನನಗೆ ಕೆಲಸ. ಕಂಪ್ಯೂಟರ್ ಅನ್ನೋ ಹೆಸರನ್ನೂ ನಾವು ಕೇಳಿರಲಿಲ್ಲ. ತೂತು ಹೊಡೆದ ಕಾರ್ಡುಗಳೇ ಮಷೀನಿನ ನೆನಪು. ಕೆಲಸಗಾರನಿಗೊಂದು ಕಾರ್ಡು, ಅದರ ತೂತುಗಳಲ್ಲೇ ಅವನ ಹಾಜರಿ; ಅದನ್ನ ಓದಿ ಮಷೀನು ಸಂಬಳದ ಲೆಕ್ಕ ಹಾಕೋದು.

ಕಾರ್ಡು ಮಡಿಚಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು. ಹಾಕೋ ಮುಂಚೆ ಇಸ್ಪೀಟೆಲೆ ಥರ ಬಿಡಿಸಿ, ಅಂಚು ತಟ್ಟಿ ಸರಿಮಾಡಬೇಕು. ಇಷ್ಟೆಲ್ಲ ಮಾಡಿದ್ರೂ ಶುಕ್ರವಾರ ಒಂದಲ್ಲ ಒಂದು ಒಳಗೆ ಸಿಕ್ಕಿಹಾಕಿಕೊಳ್ಳೋದು. ಸ್ವಿಚ್ಚು ಆರಿಸಿ, ಚೂರುಗಳನ್ನ ಎಳೆದು, ಹರಿದಿದ್ದಕ್ಕೆ ಬದಲು ಹೊಸದು ತೂತು ಹೊಡೆಯೋಷ್ಟರಲ್ಲಿ ಸಂಜೆ.

"ನೀವು ಬಂದ ಮೇಲೇ ಕಣಮ್ಮ ಇದು ಶುರುವಾಗಿದ್ದು," ಅಂದರು ಸೂಪರ್‌ವೈಸರ್. "ಇನ್ನೊಂದು ಸಲ ನಿಂತ್ರೆ ಬೇರೆಯವರನ್ನ ಹಾಕ್ತೀನಿ."

ಗಂಡ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಕೆಲಸ ಹೋದರೆ ಕಾಮಾಕ್ಷಿಪಾಳ್ಯದ ಮೈದುನನ ಮನೆಯಲ್ಲಿ ತುತ್ತು ಅನ್ನಕ್ಕೂ ಮುಖ ನೋಡಬೇಕಿತ್ತು.

ಯಾರೋ ಬೇಕಂತಲೇ ಕೈಯಾಡಿಸ್ತಿದಾರೆ ಅನ್ನಿಸಿತು. ಕಸ ಗುಡಿಸೋಳು ಕಾರ್ಡು ಜೋಡಿಸಿಟ್ಟ ಟ್ರೇ ಹತ್ತಿರ ಹೋದರೂ ಕಣ್ಣಿಡುತ್ತಿದ್ದೆ. ಕಾಫಿ ತರೋನನ್ನ ಬಾಗಿಲಲ್ಲೇ ತಡೀತಿದ್ದೆ. ಪಕ್ಕದ ಮೇಜಿನವರು ತಮ್ಮಷ್ಟಕ್ಕೆ ನಕ್ಕರೂ ನನ್ನನ್ನ ನೋಡೇ ನಕ್ಕರು ಅನ್ನಿಸೋದು. ಇವತ್ತು ಹಿಡಿದೇ ಬಿಡ್ತೀನಿ ಅಂತ ಮುಂದಿನ ಶುಕ್ರವಾರ ಕಾವಲುಗಾರ ಬೀಗ ತೆಗೆದ ತಕ್ಷಣ ಒಳಗೆ ಹೋಗಿ ಬೀರುವಿನ ಹಿಂದೆ ನಿಂತೆ.

ಬಂದಿದ್ದು ಸೂಪರ್‌ವೈಸರ್ರೇ! ಮಷೀನಿಗೆ ಊದುಬತ್ತಿ ಬೆಳಗಿದರು. ಟ್ರೇ ಮುಚ್ಚಳ ತೆಗೆದು ಕಾರ್ಡುಗಳ ಮೇಲೆ ತೀರ್ಥ ಪ್ರೋಕ್ಷಿಸಿ, ಒದ್ದೆ ಮಲ್ಲಿಗೆ ದಂಡೆ ಇಟ್ಟು ಕೈಮುಗಿದರು.

"ಏನ್ ಸಾರ್ ಇದು?" ಅಂದೆ.

ಬೆಚ್ಚಿಬಿದ್ದರು. ಆಮೇಲೆ ಬಹಳ ಮೆತ್ತಗೆ, "ತಪ್ಪು ತಿಳೀಬೇಡಿ ಕಣಮ್ಮ. ಗಂಡ ಇಲ್ಲದೋರು ದಿನಾ ಮುಟ್ಟೋ ಮಷೀನು... ಏನೂ ಆಗ್ದೇ ಇರ್ಲಿ ಅಂತ, ನೀವು ಬಂದಾಗಿಂದ ಪ್ರತಿ ಶುಕ್ರವಾರ ಮಾಡ್ತಿದೀನಿ. ನೀವು ಬರೋಷ್ಟರಲ್ಲಿ ಹೂವು ತೆಗೆದುಬಿಡ್ತೀನಿ," ಅಂದರು.

ಮೈಯೆಲ್ಲ ಉರಿದುಹೋಯಿತು. ಮೇಲಿನ ಕಾರ್ಡುಗಳನ್ನ ಎತ್ತಿ ಅವರ ಕೈಗೇ ಕೊಟ್ಟೆ. ನೀರು ಬಿದ್ದಲ್ಲೆಲ್ಲ ಸಣ್ಣಗೆ ಉಬ್ಬಿದ್ದವು. "ಒಣಗಿದ ಮೇಲೆ ಇದು ನಮ್ಮ ಕಣ್ಣಿಗೆ ಕಾಣಲ್ಲ ಸಾರ್, ಮಷೀನಿಗೆ ಗೊತ್ತಾಗುತ್ತೆ. ಕಾರ್ಡು ಒಳಗೆ ಹೋಗೋ ಆ ಸಂದಿಯಲ್ಲಿ ಇದು ತೂರುತ್ತಾ, ನೀವೇ ಹೇಳಿ."

ಅವರ ಕೈಯಿಂದ ಕಾರ್ಡುಗಳನ್ನ ವಾಪಸ್ ತಗೊಂಡೆ. ಉಬ್ಬಿದವನ್ನೆಲ್ಲ ಆರಿಸಿ ತೆಗೆದು, ಬದಲಿಗೆ ಹೊಸವನ್ನ ತೂತು ಹೊಡೆದು ಸೇರಿಸಿದೆ. ದಂಡೆಯ ನೀರು ಕೊಡವಿ, ಅವರೆದುರೇ ಮುಡ್ಕೊಂಡೆ.

ಆವತ್ತು ಸಂಜೆವರೆಗೂ ಮಷೀನು ಒಂದು ಸಲವೂ ನಿಲ್ಲಲಿಲ್ಲ.