ಸಿಂಗಪುರದ ಡಾಲರು ಇಳಿಯಲೆಂದು ಕಾದದ್ದು

ಹನೂರಿನಲ್ಲಿರುವ ನಮ್ಮಕ್ಕನ ಮಗಳು ಸಿಂಗಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಚೊಚ್ಚಲ ಹೆರಿಗೆಗೆ ಊರಿಗೆ ಬರಲು ಅವಳಿಗೆ ರಜೆ ಸಿಗಲಿಲ್ಲ. ಬಾಣಂತನಕ್ಕೆ ತಾಯಿಯೇ ಹೋಗಬೇಕಾಯಿತು. ಅಕ್ಕ ಮೈಸೂರು ದಾಟಿದವಳಲ್ಲ. "ನೀನು ಜೊತೇಲಿ ಬಂದ್ರೆ ಓಯ್ತೀನಿ, ಇಲ್ದಿದ್ರೆ ಇಲ್ಲ ಕಣವ್ವ" ಅಂದಳು. ನಾನು ಕೊಳ್ಳೇಗಾಲದಲ್ಲಿ ಮನೆ ಮಾಡಿಕೊಂಡು ಯಳಂದೂರಿನ ಶಾಲೆಯಲ್ಲಿ ಪಾಠ ಹೇಳುವವಳು. ಬೇಸಿಗೆ ರಜೆ ಇತ್ತು, ಒಪ್ಪಿಕೊಂಡೆ.

ಟಿಕೆಟ್ಟು, ವೀಸಾ ಎಲ್ಲ ಅಳಿಯನೇ ಅಲ್ಲಿಂದ ಮಾಡಿಸಿದ. ನನ್ನ ಪಾಲಿಗೆ ಉಳಿದದ್ದು ದುಡ್ಡಿನ ಕೆಲಸ ಒಂದೇ. ಅಕ್ಕನ ಮಗಳು ಫೋನಿನಲ್ಲಿ ಹೇಳಿದಳು: "ಚಿಕ್ಕವ್ವ, ಏರ್‌ಪೋರ್ಟಲ್ಲಿ ಮಾತ್ರ ದುಡ್ಡು ಬದಲಾಯಿಸ್ಬೇಡ. ಅಲ್ಲಿ ರೇಟು ಕೆಟ್ಟದಾಗಿರ್ತದೆ. ಮೈಸೂರಲ್ಲೇ ಫಾರೆಕ್ಸ್ ಕಾರ್ಡ್ ಮಾಡಿಸ್ಕೊ. ಡಾಲರ್ ಕಮ್ಮಿ ಇದ್ದ ದಿನ ನೋಡಿ ಅದಕ್ಕೆ ದುಡ್ಡು ತುಂಬಿಸ್ಕೊ. ತುಂಬಿಸಿದ ದಿನದ ರೇಟೇ ಕೊನೇವರ್ಗೂ."

ಕಮ್ಮಿ ಇದ್ದ ದಿನ ಅಂದರೆ ಯಾವ ದಿನ? ಅಲ್ಲಿಂದ ನನಗೆ ನೆಮ್ಮದಿ ತಪ್ಪಿತು. ಎದ್ದ ತಕ್ಷಣ ಮೊಬೈಲಿನಲ್ಲಿ ಡಾಲರಿನ ಬೆಲೆ ನೋಡುವುದು, ಬಸ್ಸಿನಲ್ಲಿ ನೋಡುವುದು, ಒಲೆ ಮೇಲೆ ಹಾಲಿಟ್ಟು ನೋಡುವುದು. ಕೊಳ್ಳೇಗಾಲದ ಬ್ಯಾಂಕಿನಲ್ಲಿ ವಿಚಾರಿಸಿದರೆ, "ನಮ್ಮಲ್ಲಿ ಆಗಲ್ಲ ಮೇಡಂ, ಮೈಸೂರಿಗೇ ಹೋಗಿ" ಅಂದರು. ಹೋದೆ. ಒಂದು ಕೌಂಟರಿನಲ್ಲಿ ಕಮಿಷನ್ ಇಲ್ಲ ಎಂದು ದೊಡ್ಡದಾಗಿ ಬರೆದು ಹಾಕಿದ್ದರು. ಪಕ್ಕದ ಬೀದಿಯವನು ಕಮಿಷನ್ ಕೇಳಿದ. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ: "ಇಷ್ಟು ಡಾಲರು ಬೇಕು, ನನ್ನ ಕೈಯಿಂದ ಒಟ್ಟು ಎಷ್ಟು ರೂಪಾಯಿ ಹೋಗ್ತದೆ?" ಕಮಿಷನ್ ಕೇಳಿದವನದೇ ಕಡಿಮೆ ಬಂತು. ಮೊದಲಿನವನು ಅದನ್ನು ರೇಟಿನೊಳಗೇ ಸೇರಿಸಿಬಿಟ್ಟಿದ್ದ. ಮೊಬೈಲಿನಲ್ಲಿ ಕಾಣುವ ಬೆಲೆಯಂತೂ ಇಬ್ಬರಲ್ಲೂ ಸಿಗಲಿಲ್ಲ.

ಎರಡನೆಯವನ ಹತ್ತಿರ ಕಾರ್ಡು ಮಾಡಿಸಿದೆ. ಆದರೆ ತುಂಬಿಸಲಿಲ್ಲ. ನಮ್ಮಪ್ಪ ರೇಷ್ಮೆ ಗೂಡು ತಂದು ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಹಾಕಿದಾಗ ಮೊದಲ ಸುತ್ತಿನ ಹರಾಜಿಗೆ ಒಪ್ಪುತ್ತಿರಲಿಲ್ಲ. ಎರಡನೇ ಸುತ್ತಿಗೆ ಕಾಯುತ್ತಿದ್ದ, ಎಷ್ಟೋ ಸಲ ಗೆಲ್ಲುತ್ತಿದ್ದ. ಆ ಗುಣ ನನ್ನ ರಕ್ತದಲ್ಲೂ ಇದೆ. ಒಂದು ದಿನ ಡಾಲರು ಸ್ವಲ್ಪ ಇಳಿಯಿತು. ಇನ್ನೂ ಇಳಿಯಲಿ ಅಂದುಕೊಂಡೆ. ಮಾರನೇ ದಿನದಿಂದ ಏರತೊಡಗಿತು.

ಹನೂರಿಗೆ ಹೋದಾಗ ಅಕ್ಕ ಬಾಣಂತಿ ಖಾರದ ಪುಡಿಗೆ ಮೆಣಸು, ಒಣಶುಂಠಿ ಹುರಿಯುತ್ತಿದ್ದಳು. ನಾನು ಮೊಬೈಲಿನಿಂದ ತಲೆ ಎತ್ತದೇ ಇದ್ದದ್ದು ನೋಡಿ, "ಅದು ಇಳಿಯೋದು ನಿನ್ ಕೈಲದಾ? ಸುಮ್ನೆ ತುಂಬಿಸ್ಬುಟ್ಟು ಬಾ" ಅಂದಳು. ಅವಳು ಹೇಳಿದ್ದು ಸರಿಯೇ. ಆದರೆ ಹೆರಿಗೆ ನನ್ನ ಕೈಲಿರಲಿಲ್ಲ, ವಿಮಾನ ನನ್ನ ಕೈಲಿರಲಿಲ್ಲ. ಈ ರೇಟೊಂದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸರಿಹೋಗುತ್ತದೆ ಎಂಬಂತೆ ಆಡುತ್ತಿದ್ದೆ.

ಎರಡನೇ ಶನಿವಾರ ಬೆಳಿಗ್ಗೆ ಅಳಿಯನ ಫೋನು ಬಂತು. ಮಗಳಿಗೆ ಬೀಪಿ ಏರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ದಿನ ತುಂಬುವ ಮೊದಲೇ ಮಗು ತೆಗೆಯಬೇಕಾಗಬಹುದು, ಭಾನುವಾರದ ವಿಮಾನಕ್ಕೆ ಟಿಕೆಟ್ ಬದಲಾಯಿಸಿದ್ದೇನೆ ಅಂದ. ಮೈಸೂರಿನ ಕೌಂಟರಿಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ರಜೆ. ಕಾರ್ಡು ಖಾಲಿಯಾಗಿಯೇ ಪರ್ಸಿನಲ್ಲಿ ಕೂತಿತು. ನನ್ನ ಬ್ಯಾಂಕಿನ ಎಟಿಎಂ ಕಾರ್ಡು ಹೊರದೇಶದಲ್ಲಿ ನಡೆಯುವಂತೆ ಮೊಬೈಲಿನಲ್ಲೇ ಒತ್ತಿಕೊಂಡು ಹೊರಟೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತ ಹುಡುಗಿ ಹೇಳಿದ ರೇಟು ಮೈಸೂರಿನವರದಕ್ಕಿಂತ ಎಷ್ಟೋ ಹೆಚ್ಚು. ನಿಂತಲ್ಲೇ ಗುಣಿಸಿದೆ, ಕಳೆದೆ, ಮತ್ತೆ ಗುಣಿಸಿದೆ.

ಅಕ್ಕ ಸೆರಗು ಎಳೆದುಕೊಂಡು ಮೆಲ್ಲಗೆ ಅಂದಳು: "ಅಲ್ಲಿ ನನ್ ಮಗಳು ಒಬ್ಳೇ ಮಲಗವ್ಳೆ. ನೀನು ಇಲ್ಲಿ ಲೆಕ್ಕ ಆಕ್ತಾ ನಿಂತಿದ್ದೀಯಲ್ಲ."

ಟ್ಯಾಕ್ಸಿಗಾಗುವಷ್ಟು ಮಾತ್ರ ಬದಲಾಯಿಸಿದೆ. ಇಬ್ಬರೂ ವಿಮಾನ ಹತ್ತಿದೆವು.

ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಡು ಮಗು ಹುಟ್ಟಿತ್ತು. ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಾಯಿ ಚೇತರಿಸಿಕೊಳ್ಳುತ್ತಿದ್ದಳು. ಅಕ್ಕ ಮಗಳ ಹಣೆ ಸವರುತ್ತ ನಿಂತವಳು ಕೂರಲೇ ಇಲ್ಲ. ನನಗೆ ಒಳಗೆ ನಿಲ್ಲಲಾಗದೆ ಕೆಳಗಿಳಿದು ಎಟಿಎಂ ಹುಡುಕಿಕೊಂಡು ಹೋದೆ. ಪದೇ ಪದೇ ತೆಗೆದರೆ ಪ್ರತಿ ಸಲವೂ ಶುಲ್ಕ ಹಿಡಿಯುತ್ತಾರೆಂದು ಒಂದೇ ಸಲಕ್ಕೆ ದೊಡ್ಡ ಮೊತ್ತ ಒತ್ತಿದೆ. ಯಂತ್ರ ತಾನೇ ರೂಪಾಯಿ ಲೆಕ್ಕ ಮಾಡಿ ತೋರಿಸಿ, ಈ ರೇಟು ಒಪ್ಪಿಗೆಯೇ ಎಂದು ಕೇಳಿತು. ರೂಪಾಯಿ ಕಂಡು ಹಾಯೆನಿಸಿ ಬೆರಳು ಮುಂದೆ ಹೋಯಿತು. ಆಮೇಲೆ ಬೆಲೆ ನೋಡಿದೆ. ಬೆಂಗಳೂರಿನಲ್ಲಿ ಗಾಜಿನ ಹಿಂದಿನ ಹುಡುಗಿ ಹೇಳಿದ್ದಕ್ಕಿಂತ ಕೆಟ್ಟದು. ಬೇಡ, ನಮ್ಮ ಬ್ಯಾಂಕಿನ ರೇಟೇ ಇರಲಿ ಎಂದು ಒತ್ತಿದೆ. ಯಂತ್ರ ಸುಮ್ಮನಾಯಿತು. ಕಾರ್ಡು ನುಂಗಿಬಿಟ್ಟಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಟು ಹೊರಬಂದವು. ಬ್ಯಾಂಕಿನವರು ಕಡಿತ ಮಾಡಿದ ರೂಪಾಯಿಯ ಲೆಕ್ಕ ಮೊಬೈಲಿಗೆ ಬಂತು. ಯಂತ್ರ ತೋರಿಸಿದ್ದಕ್ಕಿಂತ ಎಷ್ಟೋ ಕಡಿಮೆ. ಮೆಟ್ಟಿಲ ಮೇಲೆ ಕೂತು ಅತ್ತೆ, ದುಡ್ಡು ಉಳಿದದ್ದಕ್ಕಂತೂ ಅಲ್ಲ.

ಮಗು ದಿನದಿನಕ್ಕೂ ತೂಕ ಹೆಚ್ಚಿಸಿಕೊಂಡಿತು, ಪೆಟ್ಟಿಗೆಯಿಂದ ಹೊರಗೆ ಬಂತು, ಮನೆಗೂ ಬಂತು. ಶಾಲೆ ಶುರುವಾಗುವ ಹೊತ್ತಿಗೆ ನಾನು ಊರಿಗೆ ಹೊರಟು ನಿಂತೆ. ಅಕ್ಕ ಅಲ್ಲೇ ಉಳಿಯುವವಳಿದ್ದಳು. ಮಿಕ್ಕ ಡಾಲರನ್ನು ಊರಿಗೆ ತಂದು ರೂಪಾಯಿ ಮಾಡಿಸಿದರೆ ಮತ್ತೆ ನಷ್ಟವೇ. ಅವಳ ಕೈಗೆ ಕೊಟ್ಟೆ.

"ಇದ್ಕೆ ನಮ್ ದುಡ್ಡು ಎಷ್ಟಾಯ್ತದೆ?" ಅಂದಳು.

"ಅದನ್ನ ಲೆಕ್ಕ ಹಾಕಕ್ಕೆ ಹೋಗ್ಬೇಡಕ್ಕ, ಹಾಕಿದ್ರೆ ಇಲ್ಲಿ ಏನೂ ತಕೊಳ್ಳಕ್ಕಾಗಲ್ಲ."

ಅವಳು ನನ್ನ ಮಾತು ಕೇಳಲಿಲ್ಲ. ಅಳಿಯನ ಜೊತೆ ಹೋಗಿ ಬಾಣಂತಿಗೆ ಸಬ್ಬಸಿಗೆ ಸೊಪ್ಪು ತಂದಳು. "ಈ ದುಡ್ಗೆ ಹನೂರ್ ಸಂತೇಲಿ ಒಂದ್ ಮಂಕ್ರಿ ತುಂಬ ಸೊಪ್ಪು ಕೊಡೋರು" ಎಂದು ಗೊಣಗುತ್ತ ನಲ್ಲಿ ಕೆಳಗೆ ಎಲೆ ತೊಳೆಯತೊಡಗಿದಳು. ನಾನು ಚೀಲದ ಜಿಪ್ ಹಾಕಿದೆ.