ದಾಳಿಂಬೆಯ ಬುಡ

ದೇವದುರ್ಗದ ನಮ್ಮ ಹಿತ್ತಿಲಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಬರೀ ಕಲ್ಲು ಬೆರೆತ ಗರಸು ಮಣ್ಣು. ಬದನೆ ಸಸಿ ಹಚ್ಚಿದರೆ ವಾರದಲ್ಲಿ ಸೊರಗುತ್ತಿತ್ತು. ಚೆಂಡು ಹೂವಿನ ಗಿಡ ಕೂಡ ಮುನಿಸಿಕೊಂಡ ಸೊಸೆಯಂತೆ ಮುಖ ಬಾಡಿಸಿಕೊಂಡು ನಿಲ್ಲುತ್ತಿತ್ತು. ಬಚ್ಚಲ ನೀರು ಹರಿಯುವ ಮೂಲೆಯ ದಾಳಿಂಬೆ ಮಾತ್ರ ಮೈತುಂಬಾ ಕಾಯಿ ಬಿಡುತ್ತಿತ್ತು. ಓಣಿಯವರೆಲ್ಲ ಬಂದು ಹಣ್ಣು ಒಯ್ಯುತ್ತಿದ್ದರು, ರುಚಿ ಹೊಗಳುತ್ತಿದ್ದರು. ನಾನೊಬ್ಬಳೇ ಮುಟ್ಟುತ್ತಿರಲಿಲ್ಲ. ಅದರ ಬುಡದಲ್ಲಿ ನನ್ನ ಚೊಚ್ಚಲ ಮಗನಿದ್ದ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ತವರಿನಲ್ಲಿ ತಾಯಿ ಇರಲಿಲ್ಲವಾಗಿ ನನ್ನ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ಹೋಯಿತು. ನಮ್ಮಲ್ಲಿ ಹಲ್ಲು ಬಾರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಊರ ಹೊರಗೆ ಒಯ್ದರೆ ನಾಯಿಗಳು ಬಗೆಯುತ್ತವೆಂದು ಅತ್ತೆ ಹಿತ್ತಿಲ ಮೂಲೆಯಲ್ಲೇ ಕುಣಿ ತೋಡಿಸಿದರು. ಬಾಣಂತಿ ಹೊರಗೆ ಬರುವಂತಿರಲಿಲ್ಲ. ಹೊರಸಿನ ಮೇಲೆ ಮಲಗಿದ್ದ ನನಗೆ ಹಾರೆಯ ಸದ್ದು ಒಂದೊಂದೂ ಕೇಳುತ್ತಿತ್ತು. ಗೋಡೆಗೆ ತಲೆ ಚಚ್ಚಿಕೊಂಡೆ, ಯಾರೂ ಒಳಗೆ ಬರಲಿಲ್ಲ.

ಎದೆಗೆ ಇದೇನೂ ತಿಳಿಯಲಿಲ್ಲ. ಹಾಲು ಬರುತ್ತಲೇ ಇತ್ತು, ಕಟ್ಟಿಕೊಂಡು ಕಲ್ಲಾಗುತ್ತಿತ್ತು. ಅತ್ತೆ ಬಟ್ಟಲು ಹಿಡಿದು ಕೂತು ಹಿಂಡಿಸುತ್ತಿದ್ದರು. ತಾಯಿಯ ಹಾಲನ್ನು ಕಂಡಲ್ಲಿ ಚೆಲ್ಲಬಾರದು, ಕಾಲು ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕಬೇಕೆಂಬುದು ನಮ್ಮ ಮನೆಯ ರೂಢಿ. ಅವರು ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದರು. ಪಕ್ಕದ ಮನೆಯ ಬೇವಿಗೆ ಹಾಕುತ್ತಾರೆಂದು ನಾನು ತಿಳಿದಿದ್ದೆ. ಕೇಳುವ ತ್ರಾಣವೂ ಇರಲಿಲ್ಲ, ಸತ್ತರೆ ಸಾಕಾಗಿತ್ತು.

ಮುಂದೆ ಆ ಮೂಲೆಯಲ್ಲಿ ದಾಳಿಂಬೆ ಸಸಿ ಎದ್ದಿತು. ಯಾವುದೋ ಹಕ್ಕಿಯ ಕೆಲಸವೆಂದುಕೊಂಡೆ. ಮಗಳು ಹುಟ್ಟಿದಳು, ಶಾಲೆಗೆ ಹೋಗತೊಡಗಿದಳು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ವಿಜ್ಞಾನದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಸತ್ತ ಗಿಡಗಳು, ಸತ್ತ ಪ್ರಾಣಿಗಳು ಮಣ್ಣಿನಲ್ಲಿ ಕೊಳೆಯುತ್ತವೆ, ಹುಳುಗಳೂ ಕಣ್ಣಿಗೆ ಕಾಣದ ಜೀವಿಗಳೂ ಅವನ್ನು ಕರಗಿಸುತ್ತವೆ, ಆ ಸಾರವನ್ನು ಬೇರುಗಳು ಹೀರುತ್ತವೆ. ನಾನು ಪುಸ್ತಕ ಕಸಿದು ಅಂಗಳಕ್ಕೆ ಎಸೆದೆ. ಹುಡುಗಿ ಬೆಪ್ಪಾಗಿ ನೋಡಿದಳು. ಪಾಠದಲ್ಲಿ ತಪ್ಪೇನೂ ಇರಲಿಲ್ಲ, ನನಗೆ ತಡೆಯಲಾಗದ್ದು ಅದೇ.

ಎಂಬತ್ತರ ದಶಕದ ನಡುವೆ ಗಂಡನಿಗೆ ಶಕ್ತಿನಗರದಲ್ಲಿ ಕೆಲಸ ಸಿಕ್ಕಿತು. ಮನೆ ಭಾವನ ಪಾಲಿಗೆ ಹೋಯಿತು. ಆ ಮೂಲೆಯಲ್ಲಿ ಅವರು ಕೋಣೆ ಕಟ್ಟಿಸುವವರಿದ್ದರು, ಗಿಡ ಕಡಿಯುವುದು ಖಂಡಿತವಿತ್ತು. ನನಗೆ ಹುಚ್ಚು ಹಿಡಿದಂತಾಯಿತು. ಮಗನನ್ನು ಬಿಟ್ಟು ಹೋಗಲಾರೆ, ಎಲುಬನ್ನಾದರೂ ಒಯ್ಯುತ್ತೇನೆಂದು ಹಟ ಹಿಡಿದೆ. ಗಂಡ ಬೈದರು. ಭಾವ ಮುಖ ತಿರುಗಿಸಿದರು. 

ಸಾಮಾನು ಹೇರಲು ಟ್ರ್ಯಾಕ್ಟರ್ ಬಂದು ನಿಂತ ಬೆಳಿಗ್ಗೆ ನಾನೇ ಹಾರೆ ಹಿಡಿದು ಅಗೆದೆ. ಗರಸಿನ ಕೆಳಗೆ ಕಪ್ಪು ಮಣ್ಣು ಬಂತು, ಮೆತ್ತಗೆ, ಹಸಿಯಾಗಿ. ಎರೆಹುಳಗಳು ಹೊರಳಾಡಿದವು, ಆ ಹಿತ್ತಿಲಲ್ಲಿ ಎರೆಹುಳ ಕಂಡದ್ದು ಅದೇ ಮೊದಲು. ಹಾರೆ ಬಿಟ್ಟು ಕೈಯಿಂದ ಬಗೆದೆ. ಈಗ ತಾಗೀತು, ಈಗ ತಾಗೀತು ಎಂದು ಬೆರಳಾಡಿಸಿದೆ. ತಾಗಿದ್ದೆಲ್ಲ ಬೇರು. ಕೂದಲಿನಷ್ಟು ಸಣ್ಣ ಬೇರು, ಮುಷ್ಟಿ ಮುಷ್ಟಿ. ಒಂದು ಚೂರು ಎಲುಬಿಲ್ಲ, ಸುತ್ತಿದ್ದ ಬಟ್ಟೆಯ ಎಳೆಯೂ ಇಲ್ಲ.

"ಅತ್ತಿ, ಇಲ್ಲೇ ಇಟ್ಟೀರಿ ಹೌದಲ್ರೀ?" ಎಂದೆ.

"ಇಲ್ಲೇ ಯವ್ವಾ. ನನ್ನ ಕೈಯಾರೆ ಇಟ್ಟೀನಿ."

"ಮತ್ತ ಏನೂ ಇಲ್ಲಲ್ರೀ. ನಾ ಏನ್ ಒಯ್ಯಲಿ?"

ಅತ್ತೆ ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. "ಎಲ್ಲಾರೂ ಕುಣ್ಯಾಗ ಉಪ್ಪು ಹಾಕ್ತಾರ. ಉಪ್ಪು ಹಾಕಿದ್ರ ಗಿಡ ಬರಂಗಿಲ್ಲಂತ ನಾ ಹಾಕಲಿಲ್ಲ. ದಾಳಿಂಬ್ರ ಬೀಜ ಹಾಕಿದ್ದೆ. ನಿನ್ನ ಹಾಲೂ ದಿನಾ ಇಲ್ಲೇ ಹಾಕೀನಿ. ಅವನ ಹಾಲು ಮತ್ತೊಂದು ಗಿಡಕ್ಕ ಯಾಕ ಹಾಕ್ಲಿ?"

ಅಷ್ಟು ವರ್ಷ ಆ ಮಾತನ್ನು ಅವರು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ನಾನು ಮಣ್ಣಿನ ಮೇಲೆ ಬಿದ್ದು ಅತ್ತುಬಿಟ್ಟೆ. ಟ್ರ್ಯಾಕ್ಟರಿನವನು ಹಾರ್ನ್ ಹಾಕಿದ, ಗಂಡ ಬಾಗಿಲಿಂದ ಕೂಗಿದರು.

ಎದ್ದು ಕೈಗೆ ಸಿಕ್ಕ ಹಣ್ಣೊಂದನ್ನು ಕಿತ್ತು ಬಚ್ಚಲ ಕಲ್ಲಿಗೆ ಬಡಿದು ಒಡೆದೆ. ಮಣ್ಣು ಮೆತ್ತಿದ ಕೈಯಲ್ಲೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡೆ. ತುಸು ಹುಳಿಯಿತ್ತು. ಬೀಜ ಒಂದನ್ನೂ ಉಗುಳಲಿಲ್ಲ.